ಗಣಕಯಂತ್ರದ ದಾನ ಮತ್ತು ಶಿಕ್ಷಕರ ಬಳಗ

ಹೊಸ ಲೇತ್ ಯಂತ್ರ ಕೊಳ್ಳುವ ಸಣ್ಣ ಕೈಗಾರಿಕೋದ್ಯಮಿಗಳು ಅದನ್ನು ನಡೆಸಬಲ್ಲ ಕುಶಲಕರ್ಮಿ ಯಾರೆಂಬುದನ್ನು ಮೊದಲೇ ನಿಶ್ಚಯಿಸಿಕೊಂಡಿರುತ್ತಾರೆ. ಯಂತ್ರ ನಿಂತರೂ ಸಾಲದ ಬಡ್ಡಿ ನಿಲ್ಲದೆಂಬುದು ಅವರಿಗೆ ತಿಳಿದ ವಿಷಯ. ಆದರೆ ತಮ್ಮೂರಿನ ಸರ್ಕಾರಿ ಪ್ರೌಢಶಾಲೆಗೆ ಗಣಕಯಂತ್ರಗಳನ್ನು ದಾನ ನೀಡುವಾಗ ಅದೇ ಪ್ರಶ್ನೆಯನ್ನು ಕೇಳುವವರು ವಿರಳ.

ಈ ವಿಷಯದಲ್ಲಿ ರಾಜ್ಯದ ಅನುಭವವೇ ಪಾಠವಾಗಬಲ್ಲದು. 2001ರಲ್ಲಿ ಆರಂಭವಾದ ‘ಮಾಹಿತಿ ಸಿಂಧು’ ಯೋಜನೆಯಡಿ 1,000 ಸರ್ಕಾರಿ ಪ್ರೌಢಶಾಲೆಗಳಿಗೆ ಗಣಕ ಶಿಕ್ಷಣ ದೊರೆಯಿತು. ಬೋಧನೆಯ ಹೊಣೆಯನ್ನು ಖಾಸಗಿ ಸಂಸ್ಥೆಗಳಿಗೆ ಗುತ್ತಿಗೆ ನೀಡಲಾಗಿತ್ತು. ಗಣಿತ, ವಿಜ್ಞಾನಗಳ ಶಿಕ್ಷಕರು ಬಹುಮಟ್ಟಿಗೆ ಹೊರಗೇ ಉಳಿದರು. ಗುತ್ತಿಗೆ ಮುಗಿದಾಗ ಅನೇಕ ಕಡೆ ಬೋಧಕರೊಡನೆ ಕೌಶಲವೂ ಶಾಲೆಯಿಂದ ಹೊರಟುಹೋಯಿತು.

ನೆರೆಯ ಕೇರಳವು ಅದೇ ಕಾಲದಲ್ಲಿ ‘ಐಟಿ ಅಟ್ ಸ್ಕೂಲ್’ ಯೋಜನೆಯ ಮೂಲಕ ಬೇರೆ ದಾರಿ ಹಿಡಿಯಿತು. ಶಾಲಾ ಶಿಕ್ಷಕರನ್ನೇ ತರಬೇತುದಾರರನ್ನಾಗಿ ರೂಪಿಸಿ, ಅವರ ಮೂಲಕ ಸಹೋದ್ಯೋಗಿಗಳಿಗೆ ಕಲಿಸಿತು. ಮುಕ್ತ ತಂತ್ರಾಂಶ ಬಳಸಿ ಪರವಾನಗಿ ಶುಲ್ಕವನ್ನೂ ಉಳಿಸಿತು. ಆ ಯೋಜನೆ 2017ರಲ್ಲಿ ‘ಕೈಟ್’ ಎಂಬ ಸರ್ಕಾರಿ ಕಂಪನಿಯಾಗಿ ಬೆಳೆಯಿತು.

ಕರ್ನಾಟಕದಲ್ಲಿಯೂ 2010ರ ನಂತರ ಶಿಕ್ಷಣ ಇಲಾಖೆಯು ಬೆಂಗಳೂರಿನ ‘ಐಟಿ ಫಾರ್ ಚೇಂಜ್’ ಸಂಸ್ಥೆಯೊಡಗೂಡಿ ‘ವಿಷಯ ಶಿಕ್ಷಕರ ವೇದಿಕೆ’ಯನ್ನು ಕಟ್ಟಿತು. ಇಂತಹ ಬಳಗದ ಪ್ರಯೋಜನ ಸರಳವಾದುದು. ಶಿಕ್ಷಕರೊಬ್ಬರು ಜಿಯೋಜೀಬ್ರಾದಲ್ಲಿ ತ್ರಿಭುಜ ರಚಿಸಿ ಅದರ ಶೃಂಗವನ್ನು ಎಳೆದು ತೋರಿಸುತ್ತಾರೆ. ಕೋನಗಳು ಬದಲಾದರೂ ಮೊತ್ತ 180 ಡಿಗ್ರಿಯಾಗಿಯೇ ಉಳಿಯುವುದನ್ನು ಮಕ್ಕಳು ಕಣ್ಣಾರೆ ಕಾಣುತ್ತಾರೆ. ಆ ಪಾಠವನ್ನು ಬೇರೊಂದು ಜಿಲ್ಲೆಯ ಶಿಕ್ಷಕರು ಪಡೆದು, ತಿದ್ದಿ, ತಮ್ಮ ತರಗತಿಗೆ ಹೊಂದಿಸಿಕೊಳ್ಳಬಹುದು. ಒಬ್ಬರ ಶ್ರಮ ಹತ್ತು ಶಾಲೆಗಳ ಬಂಡವಾಳವಾಗುತ್ತದೆ.

ಶಿಕ್ಷಕರಿಗೆ ಬಿಡುವೆಲ್ಲಿದೆ ಎಂಬ ಆಕ್ಷೇಪ ಸಹಜ. ಚುನಾವಣೆ, ಜನಗಣತಿಗಳ ಹೊರೆಯೂ ಅವರ ಮೇಲಿದೆ. ಆದ್ದರಿಂದಲೇ ಬಳಗದ ಸಭೆಯು ರಜಾದಿನದ ಉಪಕಾರವಾಗದೆ ಕರ್ತವ್ಯದ ಭಾಗವಾಗಬೇಕು. ತಾಲ್ಲೂಕಿನ ವಾಣಿಜ್ಯೋದ್ಯಮಿಗಳು ಕ್ಷೇತ್ರ ಶಿಕ್ಷಣಾಧಿಕಾರಿಗಳೊಡನೆ ಮಾತನಾಡಿ ಇದಕ್ಕೆ ಅನುಮತಿ ಕೋರಬಹುದು. ಶಿಕ್ಷಕರ ಪ್ರಯಾಣ ವೆಚ್ಚ, ಯಂತ್ರಗಳ ದುರಸ್ತಿ, ಯುಪಿಎಸ್ ಬ್ಯಾಟರಿಗಳ ಬದಲಾವಣೆ ಇವುಗಳಿಗಾಗಿ ದಾನದ ಒಂದು ಪಾಲನ್ನು ಮೀಸಲಿಡಬಹುದು.

ಗಣಕಯಂತ್ರದ ಮೇಲೆ ದಾನಿಯ ಹೆಸರು ಬರೆಸಬಹುದು, ಶಿಕ್ಷಕರ ಸಭೆಯ ಮೇಲೆ ಬರೆಸಲಾಗದು. ಪ್ರಾಯಶಃ ಈ ಕಾರಣದಿಂದಲೇ ಎರಡನೆಯದಕ್ಕೆ ಹಣ ಒದಗುವುದು ಕಷ್ಟ. ಆದರೆ ನಕ್ಷೆ ಓದಬಲ್ಲ, ಅಳತೆ ಲೆಕ್ಕ ಹಾಕಬಲ್ಲ ಯುವಕ ಯುವತಿಯರು ಸಿಗುತ್ತಿಲ್ಲವೆಂದು ಕೊರಗುವ ಉದ್ಯಮಿಗಳು ತಮ್ಮ ನಾಳಿನ ಕೆಲಸಗಾರರು ಇಂದು ಅದೇ ಶಾಲೆಗಳ ಬೆಂಚುಗಳ ಮೇಲೆ ಕುಳಿತಿದ್ದಾರೆಂಬುದನ್ನು ಮರೆಯಬಾರದು. ಯಂತ್ರ ಕೊಡುವ ಕೈ ಅದನ್ನು ನಡೆಸುವವರಿಗೂ ಆಸರೆಯಾಗಲಿ.