ಅಕಾಲದ ಅಕ್ಷರಾಭ್ಯಾಸ

ಮೂರು ವರ್ಷದ ಕೂಸು ವರ್ಣಮಾಲೆಯನ್ನು ಬರೆಯಲಾರದೆಂದು ತಾಯಿತಂದೆಗಳು ಚಿಂತಾಕ್ರಾಂತರಾಗುವ ಕಾಲವಿದು. ನೆರೆಮನೆಯ ಮಗು ಬರೆಯುವುದಂತೆ, ನೂರರವರೆಗೆ ಎಣಿಸುವುದಂತೆ. ಇಷ್ಟು ಕಿವಿಗೆ ಬಿದ್ದರೆ ಸಾಕು, ತಮ್ಮ ಮಗುವಿನ ಕೈಗೂ ಸೀಸದ ಕಡ್ಡಿಯನ್ನಿತ್ತು ನಿತ್ಯವೂ ಎರಡು ಪುಟ ತಿದ್ದಿಸುವರು. ಮಗು ಅತ್ತರೆ ಸೋಮಾರಿಯೆನ್ನುವರು. ಸೋಮಾರಿತನವು ಮಗುವಿನದಲ್ಲ, ಮಗುವನ್ನು ನೋಡಿ ತಿಳಿಯಲೊಲ್ಲದ ಹಿರಿಯರದು.

ಬರೆವಣಿಗೆಗೆ ಬುದ್ಧಿಯೊಂದೇ ಸಾಲದು, ಕೈಯೂ ಬೇಕು. ಮಣಿಕಟ್ಟಿನಲ್ಲಿ ಎಂಟು ಕಿರುಮೂಳೆಗಳುಂಟಷ್ಟೆ. ಹುಟ್ಟುವಾಗ ಇವು ಮೃದ್ವಸ್ಥಿಗಳು. ವರ್ಷವರ್ಷಕ್ಕೆ ಒಂದೊಂದಾಗಿ ಗಟ್ಟಿಗೊಳ್ಳುವುವು. ಕಣ್ಣು ಕಂಡ ಆಕಾರವನ್ನು ಕೈ ತೆಗೆಯುವುದಕ್ಕೂ ಒಂದು ಕ್ರಮವುಂಟು. ಸಾಮಾನ್ಯವಾಗಿ ಮಗುವು 3 ವರ್ಷದ ಸುಮಾರಿಗೆ ವೃತ್ತವನ್ನೂ, 4ರ ಸುಮಾರಿಗೆ ಅಡ್ಡಗೆರೆ ನೆಟ್ಟಗೆರೆಗಳು ಕೂಡಿದ ಆಕೃತಿಯನ್ನೂ, ಬಳಿಕ ಚೌಕವನ್ನೂ, 5ರ ಸುಮಾರಿಗೆ ತ್ರಿಕೋಣವನ್ನೂ ನೋಡಿ ಬರೆಯುವುದು. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಆರ್ನಾಲ್ಡ್ ಗೆಸೆಲ್ಲರು ಶಾಲಾಪೂರ್ವ ಶಿಶುವಿನ ಮನೋವಿಕಾಸವನ್ನು ಕುರಿತು 1925ರಲ್ಲಿಯೇ ಗ್ರಂಥವನ್ನು ಪ್ರಕಟಿಸಿದ್ದರು. ಹೀಗಿರಲು, ಒಂದು ಸುತ್ತನ್ನು ಹಾಕಿ ಮುಗಿಸುವಷ್ಟೇ ಬಲವುಳ್ಳ ಬೆರಳಿಗೆ ಸುರುಳಿ ಕೊಂಡಿಗಳಿಂದ ತುಂಬಿದ ಈಕಾರ ಋಕಾರಗಳನ್ನು ವಿಧಿಸುವುದು ಮೊಳಕೆಯನ್ನು ಜಗ್ಗಿ ಗಿಡಮಾಡುವ ಸಾಹಸವಲ್ಲದೆ ಮತ್ತೇನು?

ಎಣಿಕೆಯ ಪಾಡೂ ಇದೇ. ನೂರರವರೆಗೆ ಗಿಣಿಪಾಠ ಒಪ್ಪಿಸಿದ ಮಗುವನ್ನು “ಐದು ಹುಣಿಸೆಬೀಜ ಕೊಡು” ಎಂದು ಕೇಳಿ ನೋಡಲಿ. ಅದು ಹಿಡಿತುಂಬ ಬಾಚಿ ಕೊಡುವುದುಂಟು. ಸಂಖ್ಯೆಯ ಹೆಸರು ನಾಲಗೆಗೆ ಬಂದಿದೆ, ಸಂಖ್ಯೆಯು ಮನಸ್ಸಿಗೆ ಬಂದಿಲ್ಲ.

ಇಲ್ಲಿ ಪೂರ್ವಪಕ್ಷವೊಂದುಂಟು: “ಹಿರಿಯರೂ ಎಳವೆಯಲ್ಲಿಯೇ ಕಲಿಸುತ್ತಿರಲಿಲ್ಲವೆ? ಮಾಂಟೆಸೊರಿಯಮ್ಮನವರ ಮಕ್ಕಳು ನಾಲ್ಕೈದು ವರ್ಷಕ್ಕೇ ಬರೆಯಲಿಲ್ಲವೆ?” ಸಮಾಧಾನವಿದು. ನಿಬಂಧಕಾರರು ವಿದ್ಯಾರಂಭಕ್ಕೆ ಹೇಳಿದುದು ಐದನೆಯ ವರ್ಷವನ್ನು. ಅಂದೂ ಮಗು ಅಕ್ಕಿಯ ತಟ್ಟೆಯಲ್ಲಿ ಬೆರಳಿನಿಂದ ತಿದ್ದುತ್ತಿತ್ತು. ಗೀಟಿನ ಪುಸ್ತಕವನ್ನು ತುಂಬಿಸುತ್ತಿರಲಿಲ್ಲ. 1907ರಲ್ಲಿ ರೋಮ್ ನಗರದಲ್ಲಿ ಶಿಶುಗೃಹವನ್ನು ತೆರೆದ ಮಾಂಟೆಸೊರಿಯವರೂ ಮೊದಲು ಕೊಟ್ಟುದು ಬೆರಳಿಂದ ಹಿಡಿದೆತ್ತುವ ಆಟಿಕೆಗಳನ್ನು, ಸವರಿ ನೋಡುವ ಉಸುಕು ಕಾಗದದ ಅಕ್ಷರಗಳನ್ನು. ಕೈ ಪಳಗಿದ ಮೇಲೆ ಮಕ್ಕಳು ತಾವಾಗಿ ಬರೆದರು. ಫಲವನ್ನು ಮಾತ್ರ ಹೊಗಳಿ ಸಾಧನವನ್ನು ಬಿಡುವುದು ನ್ಯಾಯವಲ್ಲ.

ಶಾಸನವೂ ಇದೇ ಪಕ್ಷದಲ್ಲಿದೆ. 2009ರ ಶಿಕ್ಷಣ ಹಕ್ಕಿನ ಕಾಯಿದೆಯು ಶಾಲಾಪ್ರವೇಶಕ್ಕೆ ಮಕ್ಕಳನ್ನು ಪರೀಕ್ಷಿಸಿ ಆರಿಸುವುದನ್ನು ನಿಷೇಧಿಸಿತು. 2020ರ ಶಿಕ್ಷಣನೀತಿಯು 3ರಿಂದ 8 ವರ್ಷದವರೆಗಿನ ಕಲಿಕೆಗೆ ಆಟವನ್ನೇ ತಳಹದಿಯಾಗಿಟ್ಟಿತು. ಒಂದನೆಯ ತರಗತಿಗೆ 6 ವರ್ಷ ತುಂಬಿರಬೇಕೆಂದು ಕರ್ನಾಟಕ ಸರ್ಕಾರವು 2022ರಲ್ಲಿ ವಿಧಿಸಿತು. ಪೋಷಕರು ಒತ್ತಾಯಿಸಲು, 2025ರಲ್ಲಿ ಆ ವರ್ಷದ ಮಟ್ಟಿಗೆ 5 ವರ್ಷ 5 ತಿಂಗಳಿಗೆ ಇಳಿಸಿತು. ಏಳು ತಿಂಗಳನ್ನು ಉಳಿಸಿದವರು ಅದನ್ನು ಯಾವ ಭಂಡಾರದಲ್ಲಿಡುವರೋ!

ಹಾಗೆಂದು ಎಲ್ಲವೂ ತಾನಾಗಿಯೇ ಬರುವುದೆಂದು ಕಣ್ಣು ಮುಚ್ಚುವುದೂ ತಪ್ಪೇ. ಕಾಲಭೇದವು ಸ್ವಾಭಾವಿಕ, ವಿಶ್ವ ಆರೋಗ್ಯ ಸಂಸ್ಥೆಯು 2006ರಲ್ಲಿ ಪ್ರಕಟಿಸಿದಂತೆ, ಆರೋಗ್ಯವಂತ ಮಕ್ಕಳು ಒಂಟಿಯಾಗಿ ನಡೆಯಲಾರಂಭಿಸುವ ಕಾಲವು ಸುಮಾರು 8 ತಿಂಗಳಿಂದ 18 ತಿಂಗಳವರೆಗೆ ಹರಡಿದೆ. ಆದರೆ ಭೇದಕ್ಕೂ ಎಲ್ಲೆಯುಂಟು. ಎರಡು ವರ್ಷ ತುಂಬಿದರೂ ಎರಡು ಪದಗಳನ್ನು ಕೂಡಿಸಿ ಆಡದ ಮಗು, ಹೆಸರು ಹಿಡಿದು ಕರೆದರೂ ತಿರುಗದ ಮಗು, ಕಲಿತ ಮಾತನ್ನು ಕಳೆದುಕೊಂಡ ಮಗು, ಇವುಗಳ ವಿಷಯದಲ್ಲಿ “ಅವರಪ್ಪನೂ ತಡವಾಗಿಯೇ ಮಾತನಾಡಿದ” ಎಂದು ಕಾಯತಕ್ಕುದಲ್ಲ. ಮೊದಲು ಕಿವಿಯನ್ನು ಪರೀಕ್ಷಿಸಬೇಕು. ಮೈಸೂರಿನಲ್ಲಿ 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಮಕ್ಕಳ ವಿಕಾಸದ ಕುಂದುಗಳನ್ನು ಹುಡುಕಿ ಚಿಕಿತ್ಸೆಗೊಪ್ಪಿಸಲೆಂದೇ 2013ರಲ್ಲಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವು ಮೊದಲಾಯಿತು. ಬೇಗ ಕಂಡುಕೊಂಡ ಕುಂದಿಗೆ ಉಪಾಯವು ಹೆಚ್ಚು ಫಲಕಾರಿ.

ವೈಪರೀತ್ಯವನ್ನು ನೋಡಿರಿ: ಬರೆಯದ ಮೂರು ವರ್ಷದ ಮಗುವಿಗಾಗಿ ಮನೆಮಂದಿಯೆಲ್ಲ ಎಚ್ಚೆತ್ತಿರುವರು, ಮಾತನಾಡದ ಎರಡು ವರ್ಷದ ಮಗುವಿನ ಪಕ್ಕದಲ್ಲಿ ನಿದ್ರಿಸುವರು. ವಿಕಾಸದ ಮೈಲಿಗಲ್ಲುಗಳನ್ನು ನೆಟ್ಟಿರುವುದು ಓಟದ ಪಂದ್ಯಕ್ಕಲ್ಲ, ದಾರಿ ತಪ್ಪಿದವರನ್ನು ಬೇಗನೆ ಗುರುತಿಸುವುದಕ್ಕೆ. ಅವಸರವೆಲ್ಲಿ, ತಾಳ್ಮೆಯೆಲ್ಲಿ ಎಂಬುದನ್ನು ಅದಲು ಬದಲು ಮಾಡಿದ ಮನೆಯಲ್ಲಿ ಮಗು ಎರಡು ಬಗೆಯಿಂದಲೂ ನಷ್ಟಪಡುವುದು.