ಸಿಪ್ಪೆ ಇರಲೋ, ಸುಲಿಯಲೋ?

ದೊಡ್ಡಬಳ್ಳಾಪುರದಿಂದ ಘಾಟಿ ಸುಬ್ರಹ್ಮಣ್ಯದ ಕಡೆಗೆ ಹಲಸಿನ ಕಾಲದಲ್ಲಿ ಹೋದವರಿಗೆ ತೂಬಗೆರೆ ಹಲಸಿನ ಪರಿಚಯ ಮಾಡಿಸಬೇಕಿಲ್ಲ. ತೊಳೆ ತಿಂದದ್ದಾಯಿತು, ಬೀಜ? ಬಹಳಷ್ಟು ಮನೆಗಳಲ್ಲಿ ಅದು ತಿಪ್ಪೆ ಸೇರುತ್ತದೆ. ಉಳಿಸಿಕೊಳ್ಳುವ ಮನೆಗಳಲ್ಲಿ ಜಗಳ ಶುರುವಾಗುತ್ತದೆ.

ಅಂಥದೊಂದು ಜಗಳವನ್ನು ಆ ಹೋಬಳಿಯ ಮನೆಯೊಂದರ ಜಗಲಿಯಲ್ಲಿ ಕುಳಿತು ಕೇಳಿದ್ದೇನೆ. ಸೊಸೆ ಬೀಜದ ಬಿಳಿ ಸಿಪ್ಪೆ ಸುಲಿದು ಪ್ಲಾಸ್ಟಿಕ್ ಡಬ್ಬಿಗೆ ತುಂಬುತ್ತಿದ್ದರು. "ಸುಲಿದಿಟ್ರೆ ಬೆಳಿಗ್ಗೆ ಸಾರಿಗೆ ಸಲೀಸು ಅತ್ತೆ" ಎಂದು ಅವರ ವಾದ. "ಸಿಪ್ಪೆ ತೆಗೆದ ಮೇಲೆ ಅದು ಎಷ್ಟು ದಿನ ಉಳೀತದವ್ವ?" ಎಂದು ಅಜ್ಜಿ. ಒಂಬತ್ತನೇ ತರಗತಿಯ ಮೊಮ್ಮಗಳು ನನ್ನ ಕಡೆ ತಿರುಗಿ, "ನೀವೇ ಹೇಳಿ, ಯಾರು ಸರಿ?" ಎಂದಳು.

ಈ ವಾದ ಹಲಸಿನದು ಮಾತ್ರವಲ್ಲ. ಸಿಗಾರ್ ಕೂಡಿಡುವ ಸಿರಿವಂತರಲ್ಲೂ ಇದೇ ಕಿತ್ತಾಟವಿದೆ: ಸೆಲ್ಲೋಫೇನ್ ಸುತ್ತು ಇರಲೋ, ಬೇಡವೋ ಎಂದು. (ಮಕ್ಕಳೇ, ನಮಗೆ ಬೇಕಾದದ್ದು ಅವರ ವಾದ, ಚಟವಲ್ಲ.) ಸೆಲ್ಲೋಫೇನ್ ಮರದ ತಿರುಳಿನಿಂದ ಮಾಡಿದ್ದು, ನೀರಾವಿಯನ್ನು ಪೂರ್ತಿ ತಡೆಯುವುದಿಲ್ಲ, ನಿಧಾನವಾಗಿ ಬಿಡುತ್ತದೆ. ಹಲಸಿನ ಬೀಜದ ಬಿಳಿ ಸಿಪ್ಪೆಯ ಕೆಲಸವೂ ಹೆಚ್ಚುಕಡಿಮೆ ಅದೇ.

ಹಣ್ಣಿನಿಂದ ಆಗತಾನೆ ತೆಗೆದ ಬೀಜದಲ್ಲಿ ಸುಮಾರು ಅರ್ಧದಷ್ಟು ನೀರೇ ಇರುತ್ತದೆ. ಅದು ಜೀವಂತ ವಸ್ತು, ಉಸಿರಾಡುತ್ತದೆ. ಉಸಿರಾಟದಲ್ಲಿ ಶಾಖವೂ ನೀರಾವಿಯೂ ಹೊರಬರುತ್ತವೆ. ಮುಚ್ಚಿದ ಡಬ್ಬಿಯಲ್ಲಿ ಆ ಆವಿ ಹನಿಗಟ್ಟುತ್ತದೆ. ಸಿಪ್ಪೆಯಿಲ್ಲದ ಪಿಷ್ಟದ ಮೈ ಬೂಷ್ಟಿಗೆ ಬಡಿಸಿಟ್ಟ ಎಲೆ. ಡಬ್ಬಿ ಬೇಡವೆಂದು ಸುಲಿದದ್ದನ್ನು ಗಾಳಿಗೆ ಹರವಿದರೆ ಬೇಗ ಬತ್ತಿ ಕಲ್ಲಾಗುತ್ತದೆ. ಆದ್ದರಿಂದ ಅಡುಗೆಗೆ ಕೂಡಿಡುವುದಾದರೆ ಅಜ್ಜಿಯೇ ಸರಿ: ಲೋಳೆ ತೊಳೆದು, ನೆರಳಿನಲ್ಲಿ ಮೇಲ್ಮೈ ಆರಿಸಿ, ಸಿಪ್ಪೆ ಸಮೇತ ಗಾಳಿಯಾಡುವ ಕುಕ್ಕೆಯಲ್ಲಿಡಿ. ಸುಲಿಯುವುದು ಒಲೆಗೆ ಹಾಕುವ ಮುನ್ನ. ನಾಳೆಯ ಸಾರಿಗಾದರೆ ಸೊಸೆಯೂ ಸರಿ, ಫ್ರಿಜ್ಜಿನಲ್ಲಿಟ್ಟರಾಯಿತು. ದಕ್ಷಿಣ ಕನ್ನಡದವರು ಮಳೆಗಾಲಕ್ಕೆಂದು ಬೀಜಕ್ಕೆ ಕೆಮ್ಮಣ್ಣು ಬಳಿದು ಇಡುತ್ತಾರೆ. ಉಪ್ಪುನೀರಿನಲ್ಲಿ ಬೇಯಿಸಿ ಒಣಗಿಸಿದರೆ ಅದೇ ಸಾಂತಾಣಿ.

ಬಿತ್ತನೆಯ ಮಾತು ಬೇರೆ. ಕಡಲೆಕಾಯಿಯನ್ನು ಚೆನ್ನಾಗಿ ಒಣಗಿಸಿ ಸಿಪ್ಪೆಯಲ್ಲೇ ಇಟ್ಟರೆ ಮುಂದಿನ ಮುಂಗಾರಿಗೆ ಮೊಳೆಯುತ್ತದೆ. ಹಲಸಿಗೆ ಆ ಲೆಕ್ಕ ನಡೆಯದು. ಮಾವು, ಕೋಕೋಗಳ ಹಾಗೆ ಇದೂ ಒಣಗಿದರೆ ಸಾಯುವ ಬೀಜ. ಸಿಪ್ಪೆ ಇದ್ದರೂ ಅಷ್ಟೆ, ಸುಮಾರು ಒಂದು ತಿಂಗಳಾದರೆ ಮೊಳೆಯುವ ಶಕ್ತಿ ಬಹುಪಾಲು ಹೋಗಿರುತ್ತದೆ. ಒಣಗಿಸುವಂತಿಲ್ಲ, ಒಣಗಿಸದೆ ಶೀತಲೀಕರಿಸಿದರೆ ಒಳಗಿನ ನೀರು ಹೆಪ್ಪುಗಟ್ಟಿ ಜೀವಕೋಶ ಒಡೆಯುತ್ತದೆ. ನಾರ್ವೆಯ ಸ್ವಾಲ್‌ಬಾರ್ಡ್‌ನಲ್ಲಿ 2008ರಲ್ಲಿ ತೆರೆದ ಜಾಗತಿಕ ಬೀಜ ಭಂಡಾರದಲ್ಲಿ ಮೈನಸ್ 18 ಡಿಗ್ರಿಯಲ್ಲಿ ಭತ್ತ, ಗೋಧಿಯ ಬೀಜಗಳು ನಿದ್ದೆ ಮಾಡುತ್ತವೆ. ಹಲಸನ್ನು ಹಾಗೆ ಮಲಗಿಸುವಂತಿಲ್ಲ.

ಹುಡುಗಿಗೆ ಇದು ಹಿಡಿಸಲಿಲ್ಲ. "ಹಂಗಾದ್ರೆ ನಮ್ಮ ಬಾವಿ ಪಕ್ಕದ ಮರ ಬಿದ್ದೋದ್ರೆ?" ಎಂದಳು. ಒಳ್ಳೆಯ ಪ್ರಶ್ನೆ. ತಾಜಾ ಬೀಜ ನೆಟ್ಟರೂ ಆ ರುಚಿಯೇ ಬರುತ್ತದೆಂಬ ಖಾತ್ರಿಯಿಲ್ಲ. ಹಲಸು ಪರಕೀಯ ಪರಾಗಸ್ಪರ್ಶದ ಮರ, ಮಗು ತಾಯಿಯಂತೆ ಆಗಲೇಬೇಕೆಂದಿಲ್ಲ. ಅದೇ ತಳಿ ಬೇಕೆಂದರೆ ಮರ ನಿಂತಿರುವಾಗಲೇ ಕೊಂಬೆ ತೆಗೆದು ಕಸಿ ಕಟ್ಟಬೇಕು. ದೇವನಹಳ್ಳಿಯ ವಿಮಾನ ನಿಲ್ದಾಣ 2008ರಲ್ಲಿ ಶುರುವಾದ ಮೇಲೆ ಈ ಸುತ್ತಿನ ಭೂಮಿಗೆ ಬಂದ ಬೆಲೆ ನಿಮಗೆ ಗೊತ್ತೇ ಇದೆ. ನಿವೇಶನಕ್ಕೆಂದು ಮರ ಉರುಳಿಸಿ, ಬೀಜ ಡಬ್ಬಿಯಲ್ಲಿದೆ ಎಂದು ಸಮಾಧಾನ ಪಡುವಂತಿಲ್ಲ.

ಸಿಪ್ಪೆಯ ವಿಷಯವನ್ನು ನನ್ನ ಮಾತಿನ ಮೇಲೆ ನಂಬಬೇಡ ಎಂದೆ. ಅವಳು ಸಿಪ್ಪೆಯಿರುವ 20, ಸುಲಿದ 20 ಬೀಜಗಳನ್ನು ಎರಡು ಕುಕ್ಕೆಗಳಲ್ಲಿಟ್ಟು, ಮೂರು ದಿನಕ್ಕೊಮ್ಮೆ ಅಂಗಡಿಯ ತಕ್ಕಡಿಯಲ್ಲಿ ತೂಗಿ ಬರೆದಿಟ್ಟಳು. ಸುಲಿದವು ಮೊದಲು ಹಗುರಾದವು. ಅಮ್ಮನ ಡಬ್ಬಿ ಅಷ್ಟರಲ್ಲಿ ಬೂಷ್ಟು ಹಿಡಿದು ತಿಪ್ಪೆ ಸೇರಿತ್ತು. ಈ ಸಲ ಆ ಮನೆಯಲ್ಲಿ ಬಾವಿ ಪಕ್ಕದ ಮರದ ಕಡ್ಡಿ ತೆಗೆದು ಆರು ಗಿಡಕ್ಕೆ ಕಸಿ ಕಟ್ಟಿಸಿದ್ದಾರೆ, ನಾಲ್ಕು ಚಿಗುರಿವೆಯಂತೆ.