ಹಿತ್ತಲಿಗೆ ಎಂಥ ದೀಪ?

ಕಳೆದ ಮಳೆಗಾಲದಲ್ಲಿ ನೊಣವಿನಕೆರೆ ಕಡೆಯ ಹಳ್ಳಿಯೊಂದರಿಂದ ಎಪ್ಪತ್ತು ದಾಟಿದ ಅಜ್ಜಿಯೊಬ್ಬರನ್ನು ಬೆಳಗಿನ ಜಾವ ನನ್ನಲ್ಲಿಗೆ ಕರೆತಂದರು. ರಾತ್ರಿ ಬಚ್ಚಲಿಗೆಂದು ಹಿತ್ತಲಿಗೆ ಇಳಿದವರು ಮೆಟ್ಟಿಲು ತಪ್ಪಿ ಬಿದ್ದಿದ್ದರು. ಬಲಗಾಲು ಗಿಡ್ಡವಾಗಿ ಹೊರಕ್ಕೆ ತಿರುಗಿತ್ತು. ಎಕ್ಸ್‌ರೇ ತೆಗೆಯುವ ಮೊದಲೇ ಸೊಂಟದ ಹತ್ತಿರ ಮೂಳೆ ಮುರಿದಿದೆ ಎಂದು ಹೇಳಬಹುದಿತ್ತು. ಮಗನಿಗೆ ಅಳುವೇ ಬಂದಿತ್ತು. “ಹೋದ ತಿಂಗಳಷ್ಟೇ ಐವತ್ತು ವ್ಯಾಟಿನ ಫೋಕಸ್ ಲೈಟು ಹಾಕ್ಸಿದೀನಿ ಸಾರ್. ಹಿತ್ಲು ಹಗಲಿದ್ದಂಗೆ ಇದೆ. ಅವ್ವ ಹೆಂಗೆ ಬಿದ್ಲೋ ಗೊತ್ತಾಗ್ತಿಲ್ಲ” ಎಂದರು.

ಉತ್ತರ ಕೊಟ್ಟವರು ಅಜ್ಜಿಯೇ. “ಆ ದೀಪ ಕಣ್ಣಿಗೆ ಹೊಡೀತದೆ ಡಾಕ್ಟ್ರೇ. ಮೆಟ್ಲು ಕಾಣ್ಲಿಲ್ಲ.”

ಈ ಅಂಕಣದಲ್ಲಿ ರಕ್ತದೊತ್ತಡ, ಸಕ್ಕರೆ ಕಾಯಿಲೆಗಳ ಬಗ್ಗೆ ಬರೆಯುವವನು ಲೈಟಿನ ಅಂಗಡಿಯ ಮಾತು ಯಾಕೆ ಎತ್ತಿದ ಎಂದು ನಿಮಗೆ ಅನ್ನಿಸಬಹುದು. ಎಲ್‌ಇಡಿ ಅಗ್ಗವಾದ ಮೇಲೆ ನಮ್ಮ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಮನೆಗಳ ಹಿಂದೆ ಸಣ್ಣ ಹಳದಿ ಬಲ್ಬು ಹೋಗಿ, ಬಿಳಿ ಫೋಕಸ್ ಲೈಟುಗಳು ಬಂದಿವೆ. ಚಿರತೆಯ ಭಯ, ಕಾಯಿ ಕಳ್ಳರ ಭಯ, ಹಾವಿನ ಭಯ, ಹೀಗೆ ಒಂದೊಂದು ಮನೆಗೆ ಒಂದೊಂದು ಕಾರಣ. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ಬಿಲ್ಲಿನ ಹೆದರಿಕೆಯೂ ಕಡಿಮೆಯಾಗಿ, ಇಡೀ ರಾತ್ರಿ ಉರಿಸುವುದು ರೂಢಿಯಾಗಿದೆ. ಭಯ ಸುಳ್ಳೆಂದು ನಾನು ಹೇಳುವುದಿಲ್ಲ. ಆದರೆ ಹಿತ್ತಲಿಗೆ ಬೇಕಾದದ್ದು ಹೆಚ್ಚು ಬೆಳಕಲ್ಲ, ಕಾಲಿಡುವ ಕಡೆ ಬೀಳುವ ಬೆಳಕು. ಇವೆರಡೂ ಒಂದೇ ಎಂದು ತಿಳಿದಿರುವುದರಿಂದಲೇ ಈ ಅನಾಹುತಗಳು.

ಮೊದಲು ಕಣ್ಣಿನ ವಿಷಯ. ಕತ್ತಲೆಗೆ ನಮ್ಮ ಕಣ್ಣು ಪೂರ್ತಿ ಹೊಂದಿಕೊಳ್ಳಲು ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕು. ವಯಸ್ಸಾದಂತೆ ಈ ಶಕ್ತಿ ಇನ್ನೂ ನಿಧಾನವಾಗುತ್ತದೆ. ಪಾಪೆ ಕಿರಿದಾಗುತ್ತದೆ, ಮಸೂರ ಮಬ್ಬಾಗುತ್ತದೆ. ಇಪ್ಪತ್ತರ ಯುವಕನ ಅಕ್ಷಿಪಟಲಕ್ಕೆ ತಲುಪುವ ಬೆಳಕಿನಲ್ಲಿ ಸುಮಾರು ಮೂರನೇ ಒಂದು ಪಾಲು ಮಾತ್ರ ಅರವತ್ತರವರಿಗೆ ತಲುಪುತ್ತದೆ. ಹಾಗಾದರೆ ಮುದುಕರಿಗೆ ಜೋರು ದೀಪವೇ ಬೇಕಲ್ಲವೇ ಎಂದು ನೀವು ಕೇಳಬಹುದು. ಓದುವಾಗ, ಹೊಲಿಯುವಾಗ ಹೌದು. ಆದರೆ ಎದುರಿಗೆ ನೇರವಾಗಿ ಹೊಡೆಯುವ ದೀಪದ ಬೆಳಕು ಪೊರೆ ಬಂದ ಕಣ್ಣಿನೊಳಗೆ ಚದುರಿ, ಮಂಜು ಮುಸುಕಿದಂತೆ ಆಗುತ್ತದೆ. ದೀಪ ಕಾಣುತ್ತದೆ, ಮೆಟ್ಟಿಲು ಕಾಣುವುದಿಲ್ಲ. ರಾತ್ರಿ ಬಸ್ಸಿನ ಹೆಡ್‌ಲೈಟು ಮುಖಕ್ಕೆ ಬಿದ್ದಾಗ ನಿಮಗೂ ಆಗುವುದು ಇದೇ.

ಎರಡನೆಯದು ನಿದ್ರೆ. ಇದರಲ್ಲಿ ನನ್ನದೇ ತಪ್ಪನ್ನು ಒಪ್ಪಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ ನಾನೂ ಮನೆಯ ಹಿಂದೆ ಇಂಥದೇ ಬಿಳಿ ಲೈಟು ಹಾಕಿಸಿದ್ದೆ. ಅದರ ಬೆಳಕು ನನ್ನ ತಾಯಿ ಮಲಗುವ ಕೋಣೆಯ ಕಿಟಕಿಗೆ ನೇರ ಬೀಳುತ್ತಿತ್ತು. “ಯಾಕೋ ನಿದ್ದೇನೇ ಹತ್ತಲ್ಲ ಕಣೋ” ಎಂದು ಅವರು ಹೇಳಿದಾಗ, ವಯಸ್ಸಾಯಿತು ಎಂದು ನಾನು ಸುಮ್ಮನಾದೆ. ಬೇರೆಯವರ ತಾಯಿಯಾಗಿದ್ದರೆ ನಾಲ್ಕು ಪ್ರಶ್ನೆ ಕೇಳುತ್ತಿದ್ದೆನೇನೋ! ಕೊನೆಗೆ ಕರೆಂಟು ಹೋದ ಒಂದು ರಾತ್ರಿ ಅವರು ಚೆನ್ನಾಗಿ ನಿದ್ರೆ ಮಾಡಿ ಎದ್ದಾಗ ನನಗೆ ಹೊಳೆಯಿತು.

ಕತ್ತಲಾದ ಮೇಲೆ ಮೆದುಳಿನ ಪೀನಿಯಲ್ ಗ್ರಂಥಿ ಮೆಲಟೋನಿನ್ ಎಂಬ ರಸವನ್ನು ಸ್ರವಿಸುತ್ತದೆ. ರಾತ್ರಿಯಾಯಿತು, ಮಲಗು ಎಂದು ದೇಹಕ್ಕೆ ತಿಳಿಸುವ ರಸ ಇದು. ಬೆಳಕು ಬಿದ್ದರೆ ಇದರ ಸ್ರಾವ ತಗ್ಗುತ್ತದೆ, ಅದರಲ್ಲೂ ನೀಲಿ ಅಂಶ ಹೆಚ್ಚಿರುವ ಬೆಳಕಿಗೆ ಹೆಚ್ಚು ತಗ್ಗುತ್ತದೆ. ನಮಗೆ ಹಾಲಿನಂತೆ ಬೆಳ್ಳಗೆ ಕಾಣುವ ಎಲ್‌ಇಡಿಯಲ್ಲಿ ಈ ನೀಲಿ ಅಂಶ ಧಾರಾಳವಾಗಿರುತ್ತದೆ. ನಿದ್ರೆ ಬರುವುದಿಲ್ಲವೆಂದು ಗುಳಿಗೆ ಕೇಳಿಕೊಂಡು ಬರುವವರನ್ನು ನಾನೀಗ ಮಲಗುವ ಕೋಣೆಯ ಕಿಟಕಿ ಯಾವ ಕಡೆಗಿದೆ ಎಂದೂ ಕೇಳುತ್ತೇನೆ. ಪಕ್ಕದ ಮನೆಯವರ ಕಿಟಕಿಯನ್ನೂ ಮರೆಯಬೇಡಿ.

ಇನ್ನು ಹಾವು. ದೀಪ ಹಾಕಿದರೆ ಹಾವು ಬರುವುದಿಲ್ಲ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಹಾವು ಬೆಳಕಿಗೆ ಹೆದರಿ ಓಡುವ ಪ್ರಾಣಿಯಲ್ಲ. ಬಿಳಿ ದೀಪಕ್ಕೆ ಹುಳುಗಳು ಮುತ್ತುತ್ತವೆ, ಹುಳು ತಿನ್ನಲು ಕಪ್ಪೆಗಳು ಬರುತ್ತವೆ, ಕಪ್ಪೆ ಹುಡುಕಿಕೊಂಡು ಹಾವು ಬರಬಹುದು. ಕಾಯಿ ಅಟ್ಟದಲ್ಲಿ ಇಲಿಗಳಂತೂ ಇದ್ದೇ ಇರುತ್ತವೆ. ತೆಂಗಿನ ಸುಳಿ ಕೊರೆಯುವ ಕೊಂಬಿನ ದುಂಬಿಯೂ ಬೆಳಕಿಗೆ ಬರುವಂಥದೇ. ತೋಟಗಳಲ್ಲಿ ಅದನ್ನು ಹಿಡಿಯಲು ಬೆಳಕಿನ ಬಲೆ ಇಡುವುದು ಅದಕ್ಕಾಗಿಯೇ. ಮನೆಯ ಪಕ್ಕದ ತೆಂಗಿನ ಸಸಿಗೆ ನಾವೇ ಅದನ್ನು ಕರೆದು ಕೂರಿಸುವುದು ಬೇಡ. ಹಳದಿ ಬೆಳಕಿಗೂ ಹುಳು ಬರುತ್ತವೆ, ಆದರೆ ಕಡಿಮೆ.

ಇದಕ್ಕಿಂತ ಮುಖ್ಯವಾದ ಮಾತು ನೆರಳಿನದು. ಒಂದೇ ಮೂಲೆಯಿಂದ ಜೋರಾಗಿ ಹೊಡೆಯುವ ದೀಪ ಕಾಯಿ ಸಿಪ್ಪೆಯ ಗುಡ್ಡೆ, ಸೋಗೆ ರಾಶಿ, ಒಗೆಯುವ ಕಲ್ಲು ಇವುಗಳ ಹಿಂದೆ ದಟ್ಟ ಕಪ್ಪು ನೆರಳು ಚೆಲ್ಲುತ್ತದೆ. ಬೆಳಕಿಗೆ ಒಗ್ಗಿದ ಕಣ್ಣಿಗೆ ಆ ನೆರಳಿನಲ್ಲಿ ಏನೂ ಕಾಣದು. ಕೊಳಕುಮಂಡಲ ಮಲಗಿರುವುದು ಅಲ್ಲಿಯೇ. ಹಿತ್ತಲು ಹಗಲಿನಂತಿದೆ ಎಂಬ ಧೈರ್ಯದಲ್ಲಿ ನಾವು ಬ್ಯಾಟರಿ ಹಿಡಿಯದೆ, ಬರಿಗಾಲಲ್ಲಿ ಇಳಿಯುತ್ತೇವೆ. ಎರಡು ಸೋಗೆ ಎಳೆದು ಒಲೆಗೆ ಹಾಕೋಣವೆಂದು ಕೈಯನ್ನೂ ಚಾಚುತ್ತೇವೆ.

ಹಾವು ಕಡಿತದಿಂದ 2000ರಿಂದ 2019ರವರೆಗೆ ನಮ್ಮ ದೇಶದಲ್ಲಿ ವರ್ಷಕ್ಕೆ ಸರಾಸರಿ 58,000 ಮಂದಿ ಸತ್ತಿದ್ದಾರೆ ಎಂಬುದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದರ ಅಂದಾಜು. ಕರ್ನಾಟಕ ಸರ್ಕಾರ 2024ರಲ್ಲಿ ಇದನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕುಯ್ಯುವುದು, ಬಾಯಿಂದ ಹೀರುವುದು ಯಾವುದೂ ಬೇಡ. ಉಂಗುರ, ಕಾಲುಗೆಜ್ಜೆ ತೆಗೆದು, ಕಚ್ಚಿದ ಕೈಕಾಲು ಅಲುಗಾಡದಂತೆ ದಬ್ಬೆ ಕಟ್ಟಿ, ನಡೆಸದೆ, ವಿಷನಿರೋಧಕ ಚುಚ್ಚುಮದ್ದು ಇರುವ ಆಸ್ಪತ್ರೆಗೆ ಒಯ್ಯಿರಿ. 108ಕ್ಕೆ ಕರೆ ಮಾಡಿ. ಹಾವನ್ನು ಹುಡುಕುತ್ತಾ ಹೊತ್ತು ಕಳೆಯಬೇಡಿ. ಕಟ್ಟುಹಾವು ಕಡಿದರೆ ನೋವೂ ಇರದೆ, ಗುರುತೂ ಕಾಣದೆ ಹೋಗಬಹುದು. ಬೆಳಗಿನ ಹೊತ್ತಿಗೆ ಹೊಟ್ಟೆನೋವು, ರೆಪ್ಪೆ ಜೋಲುವುದು, ನುಂಗಲು ಕಷ್ಟವಾಗುವುದು ಕಂಡರೆ ತಡ ಮಾಡಬೇಡಿ.

ಹಾಗಾದರೆ ಯಾವ ದೀಪ ಕೊಳ್ಳಬೇಕು? ಡಬ್ಬಿಯ ಮೇಲೆ ‘ವಾರ್ಮ್ ವೈಟ್’ ಎಂದೋ, 2700 ಅಥವಾ 3000 ಕೆಲ್ವಿನ್ ಎಂದೋ ಬರೆದಿರುವುದನ್ನು ಕೇಳಿ ತನ್ನಿ. 6500 ಎಂದಿದ್ದರೆ ಅದು ನೀಲಿ ಬೆರೆತ ಬಿಳಿ. ಐದು ಅಥವಾ ಏಳು ವ್ಯಾಟಿನ ಒಂದು ಬಲ್ಬು ಹಿಂಬಾಗಿಲ ಮೆಟ್ಟಿಲಿಗೆ, ಇನ್ನೊಂದು ಬಚ್ಚಲು ಅಥವಾ ಪಾಯಿಖಾನೆಯ ದಾರಿಗೆ ಸಾಕು. ಎರಡನ್ನೂ ಬೆಳಕು ನೆಲಕ್ಕೇ ಬೀಳುವಂತೆ ಮೇಲೆ ಟೋಪಿ ಇಟ್ಟು ಕೂರಿಸಬೇಕು. ಒಂದು ದೊಡ್ಡ ದೀಪಕ್ಕಿಂತ ಎರಡು ಸಣ್ಣವು ಮೇಲು. ಒಂದರ ನೆರಳನ್ನು ಇನ್ನೊಂದು ತುಂಬುತ್ತದೆ. ಸ್ವಿಚ್ಚು ಮನೆಯ ಒಳಗೇ ಇರಲಿ, ಬಾಗಿಲು ತೆಗೆಯುವ ಮೊದಲೇ ಕೈಗೆ ಸಿಗಲಿ. ಮೆಟ್ಟಿಲ ಅಂಚಿಗೆ ಬಿಳಿ ಬಣ್ಣ ಬಳಿಯುವುದಕ್ಕೆ ಹೆಚ್ಚು ಖರ್ಚಿಲ್ಲ. ಮನುಷ್ಯರು ಸುಳಿದಾಗ ತಾನೇ ಹೊತ್ತುವ ದೀಪ ಒಳ್ಳೆಯದೇ, ಆದರೆ ಅದು ಮೈಯ ಬಿಸಿಗೆ ಹೊತ್ತುವಂಥದು. ಹಾವು ಬಂದರೆ ಹೊತ್ತೀತೆಂದು ನೆಚ್ಚಬೇಡಿ. ಬ್ಯಾಟರಿ ಮಾತ್ರ ಯಾವ ದೀಪವಿದ್ದರೂ ಕೈಯಲ್ಲಿರಲಿ.

ಹಿತ್ತಲು ಬರೀ ಬಚ್ಚಲಿಗೆ ಹೋಗುವ ದಾರಿಯೇನಲ್ಲ. ಬೇಸಗೆಯಲ್ಲಿ ಊಟವಾದ ಮೇಲೆ ಚಾಪೆ ಹಾಕಿಕೊಂಡು ಮಾತಿಗೆ ಕೂರುವ ಜಾಗವೂ ಹೌದು. ಅದಕ್ಕೆ ಮುಖ ಕಾಣುವಷ್ಟು ಮಂದ ಬೆಳಕು ಸಾಕು. ಹುಣ್ಣಿಮೆಯ ಆಸುಪಾಸಿನಲ್ಲಿ ಅದೂ ಬೇಡ. ಬೆಳದಿಂಗಳ ಊಟ ಮಾಡಿಸುತ್ತಿದ್ದ ನಮ್ಮ ಹಿರಿಯರಿಗೆ ಮೆಲಟೋನಿನ್ ಗೊತ್ತಿರಲಿಲ್ಲ. ಊಟ ಮುಗಿಸಿದ ಮಕ್ಕಳು ಅಲ್ಲೇ ನಿದ್ರೆ ಹೋಗುತ್ತಿದ್ದುದು ಗೊತ್ತಿತ್ತು.

ಬೆಂಗಳೂರಿನಿಂದ ಬಂದ ಮಕ್ಕಳು ಚಪ್ಪರಕ್ಕೆ ಸೀರಿಯಲ್ ಸೆಟ್ಟು ಸುತ್ತುವುದನ್ನು ಈಚೆಗೆ ಕಾಣುತ್ತೇನೆ. ಅಂದವಾಗಿಯೇ ಕಾಣುತ್ತದೆ. ಆದರೆ ಒಳಗೆ ಹಬ್ಬಕ್ಕೆ ಹಾಕುವ ಸರವನ್ನೇ ಮಳೆಗೆ ಒಡ್ಡುವುದು ಅಪಾಯ. ಹೊರಗಿನ ದೀಪ ನೀರು ಸಿಡಿದರೂ ತಡೆಯುವಂಥದಿರಬೇಕು. ಐಪಿ 65 ಎಂಬ ಗುರುತು ನೋಡಿ ಕೊಳ್ಳಿ. ದೀಪದ ಕಬ್ಬಿಣದ ಕಂಬಕ್ಕೆ ಬಟ್ಟೆ ಒಣಹಾಕುವ ತಂತಿ ಕಟ್ಟಬೇಡಿ. ಈ ಮಾತನ್ನು ನಾನು ಕೈಮುಗಿದು ಹೇಳುತ್ತೇನೆ. ಒಳಗೆ ವೈರು ಸವೆದು ಕಂಬಕ್ಕೆ ಕರೆಂಟು ಹರಿದರೆ, ಒದ್ದೆ ಸೀರೆ ಹರವಲು ಹೋದ ಹೆಣ್ಣುಮಗಳ ಕೈಗೆ ಅದು ತಲುಪುತ್ತದೆ. ಅವಳನ್ನು ಬಿಡಿಸಲು ಹೋದವರೂ ಅಂಟಿಕೊಳ್ಳುತ್ತಾರೆ. ಮೊದಲು ಮೇನ್ ಸ್ವಿಚ್ ಆರಿಸಬೇಕು, ಆಮೇಲೆ ಮುಟ್ಟಬೇಕು. ಉಸಿರಿಲ್ಲದಿದ್ದರೆ ಎದೆಯ ನಡುವೆ ನಿಮಿಷಕ್ಕೆ ನೂರಕ್ಕೆ ಕಡಿಮೆಯಿಲ್ಲದಂತೆ ಒತ್ತುತ್ತಿರಬೇಕು, 108 ಬರುವವರೆಗೂ. 30 ಮಿಲಿ ಆಂಪಿಯರ್ ಸೋರಿಕೆಗೇ ಕರೆಂಟು ಕಡಿದುಹಾಕುವ ಆರ್‌ಸಿಸಿಬಿ ಎಂಬ ಸಾಧನವನ್ನು ಮೀಟರ್ ಬೋರ್ಡಿನ ಬಳಿ ಹಾಕಿಸಿ, ಅರ್ಥಿಂಗ್ ಸರಿಯಿದೆಯೇ ಎಂದು ಬಲ್ಲವರಿಂದ ನೋಡಿಸಿ. ಫೋಕಸ್ ಲೈಟಿಗೆ ದುಡ್ಡು ಹಾಕುವವರು ಮೊದಲು ಇದಕ್ಕೆ ಹಾಕಲಿ ಎಂಬುದು ನನ್ನ ಅಭಿಪ್ರಾಯ.

ಇವತ್ತು ರಾತ್ರಿಯೇ ನಿಮ್ಮ ಹಿಂಬಾಗಿಲಲ್ಲಿ ನಿಂತು ನೋಡಿ. ಮೊದಲು ಕಣ್ಣಿಗೆ ಬೀಳುವುದು ಬಲ್ಬೋ, ನೆಲವೋ? ಬಲ್ಬಾದರೆ ಅದನ್ನು ಕೆಳಕ್ಕೆ ಬಗ್ಗಿಸಬೇಕು ಅಥವಾ ಜಾಗ ಬದಲಿಸಬೇಕು.

ಆ ಅಜ್ಜಿಗೆ ತುಮಕೂರಿನಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಮೂರು ತಿಂಗಳಾದ ಮೇಲೆ ವಾಕರ್ ಹಿಡಿದು ನಡೆಯುತ್ತಾ ನನ್ನನ್ನು ನೋಡಲು ಬಂದಿದ್ದರು. ಮಗ ಫೋಕಸ್ ಲೈಟನ್ನು ಕಾಯಿ ಸುಲಿಯುವ ಕೊಟ್ಟಿಗೆಗೆ ಸಾಗಿಸಿ, ಮೆಟ್ಟಿಲಿಗೆ ಎರಡು ಸಣ್ಣ ಹಳದಿ ದೀಪ ಹಾಕಿಸಿದ್ದಾರಂತೆ. ಅಜ್ಜಿಯದು ಒಂದೇ ತಕರಾರು: “ಬಚ್ಲ ಬಾಗ್ಲಿಗೂ ಒಂದು ಹಾಕ್ಸು ಅಂದ್ರೆ ನಾಳೆ ನಾಳೆ ಅಂತಾನೆ. ನೀವೇ ಒಂದ್ ಮಾತು ಹೇಳಿ ಡಾಕ್ಟ್ರೇ.”